ಮೊಟ್ಟೆ ಇಲ್ಲದೆ ಇಷ್ಟು ಮೆತ್ತಗೆ

ಹೋದ ತಿಂಗಳು ಇಲ್ಲೇ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಒಂದು ತಗಡಿನ ಡಬ್ಬಿ ಕೊಂಡೆ. ಹೋಗಿದ್ದು ಬೇಳೆ, ಒಣಮೆಣಸಿನಕಾಯಿ ತರೋದಕ್ಕೆ. ಕಿರಾಣಿ ಅಂಗಡಿಯವನು ಚೀಟಿ ನೋಡಿಕೊಂಡು ಸಾಮಾನು ಕಟ್ಟುವಷ್ಟರಲ್ಲಿ ನನ್ನ ಕಣ್ಣು ಪಕ್ಕದ ಗುಜರಿ ಅಂಗಡಿ ಕಡೆ ಹೋಯಿತು. ಕೆಟ್ಟ ಫ್ಯಾನು, ಕಾಲು ಮುರಿದ ಕುರ್ಚಿ, ಸೈಕಲ್ಲಿನ ರಿಮ್ಮುಗಳ ನಡುವೆ ಅದು ಕೂತಿತ್ತು. ಹಳೇ ಕಾಲದ ಬಿಸ್ಕತ್ತಿನ ಡಬ್ಬಿ, ಮುಚ್ಚಳದ ಮೇಲೆ ಒಂದು ನವಿಲು, ನವಿಲಿನ ಬಾಲಕ್ಕೆ ತುಕ್ಕು. ನಮ್ಮ ಮನೆಯಲ್ಲಿ ಡಬ್ಬಿಗಳಿಗೇನೂ ಬರ ಇಲ್ಲ. ಆದರೂ ಕೈ ತಾನಾಗಿ ಮುಂದೆ ಹೋಯಿತು. ಯಾಕೆಂದರೆ ನಾನು ತಗೊಳ್ಳದಿದ್ದರೆ ಅದನ್ನು ವಿಶಾಲಿ ತಗೊಳ್ಳುತ್ತಾಳೆ.

ನೀವು ನಗ್ತೀರಿ, ಗೊತ್ತು. ಐವತ್ತೆಂಟು ವರ್ಷದ ಹೆಂಗಸು, ಮೊಮ್ಮಗನನ್ನು ದಿನಾ ಸಾಲಿಗೆ ಬಿಟ್ಟು ಬರುವವಳು, ಇನ್ನೊಬ್ಬಳಿಗೆ ಸಿಗಬಾರದು ಅಂತ ತುಕ್ಕು ಹಿಡಿದ ಡಬ್ಬಿ ಹೊತ್ತುಕೊಂಡು ಆಟೋದಲ್ಲಿ ಕೂತಿದ್ದನ್ನು ನೆನೆಸಿಕೊಂಡರೆ ನನಗೇ ನಗು ಬರುತ್ತದೆ. ಮನೆಗೆ ತಂದು ತೊಳೆದು, ಒರೆಸಿ, ಫ್ರಿಜ್ಜಿನ ಮೇಲೆ ಇಟ್ಟೆ. ದೂರ ನಿಂತು ನೋಡಿದೆ. ಗುಜರಿ ಸಾಮಾನು ಗುಜರಿ ಸಾಮಾನಿನ ಹಾಗೇ ಕಾಣುತ್ತಿತ್ತು. ಸಾಯಂಕಾಲ ಸೊಸೆ ಬಂದು, ‘ಅತ್ತಿ, ಇದನ್ನ ಹೊರಗ ಹಾಕ್ಲೇನ್ರಿ?’ ಅಂದಳು. ಅದೇ ಡಬ್ಬಿ ವಿಶಾಲಿ ಮನೆಯಲ್ಲಿ ಇದ್ದಿದ್ದರೆ ಇದೇ ಸೊಸೆ, ‘ಎಷ್ಟು ಚಂದ ಐತ್ರಿ, ಎಲ್ಲಿ ಸಿಕ್ತು?’ ಅಂತ ಕೇಳಿರುತ್ತಿದ್ದಳು. ಹತ್ತು ಬಗೆಯಾಗಿ ಫೋಟೋ ತೆಗೆದುಕೊಂಡೂ ಇರುತ್ತಿದ್ದಳು.

ವಿಶಾಲಿ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಈ ಸಂಬಂಧ ತಂದವರು ಬೇರೆ ಯಾರೂ ಅಲ್ಲ, ನನ್ನ ಹೆತ್ತ ಅಪ್ಪ. ನಮ್ಮದು ಸಿರುಗುಪ್ಪ, ಬಸ್‌ಸ್ಟ್ಯಾಂಡಿಗೆ ಹತ್ತಿರದ ಮನೆ. ಅವಳದು ಅಲ್ಲೇ ದೇಶನೂರು, ಭತ್ತದ ಗದ್ದೆಗಳ ನಡುವಿನ ಹಳ್ಳಿ. ‘ಹಳ್ಳಿ ಹುಡುಗಿ ಐತವ್ವ, ನೀ ಹೇಳಿದಂಗ ಕೇಳ್ಕೊಂಡು ಇರ್ತಾಳ’ ಅಂತ ಅಪ್ಪ ನನಗೆ ಗುಟ್ಟಾಗಿ ಹೇಳಿದ್ದರು. ನಾನೂ ನಂಬಿದೆ. ನಾನು ಕುರುಗೋಡಿನ ಆ ಮನೆಗೆ ದೊಡ್ಡ ಸೊಸೆಯಾಗಿ ಬಂದು ಆಗಲೇ ಏಳು ವರ್ಷ ಆಗಿತ್ತು. ಪೇಟೆ ಕಂಡವಳು ನಾನು, ಬರುವವಳಿಗೆ ನಾನೇ ಎಲ್ಲ ಕಲಿಸಬೇಕಾಗುತ್ತದೆ ಅಂದುಕೊಂಡು, ಏನೇನು ಕಲಿಸಬೇಕು ಅಂತ ಯೋಚನೆ ಕೂಡ ಮಾಡಿಟ್ಟುಕೊಂಡಿದ್ದೆ.

ಅವಳ ಟ್ರಂಕು ತೆರೆದ ದಿನ ನನ್ನ ಯೋಚನೆಗಳೆಲ್ಲ ಮುಗಿದವು. ಒಳಗೆ ಒಂದು ಕೌದಿ, ಹಳೇ ಸೀರೆಗಳ ತುಂಡು ಸೇರಿಸಿ ಹೊಲಿದದ್ದು. ಆದರೆ ತುಂಡು ಅಂತ ಗೊತ್ತಾಗುತ್ತಿರಲಿಲ್ಲ, ಮೊದಲೇ ಹಾಗೇ ನೇಯ್ದಿದ್ದಾರೇನೋ ಅನ್ನಬೇಕು. ಮಣಿಯಲ್ಲಿ ಪೋಣಿಸಿದ ಗಿಣಿಗಳು. ಕಾಗದ ನೆನೆಸಿ, ಮೆಂತ್ಯೆ ಹಾಕಿ ರುಬ್ಬಿ ಮಾಡಿದ ಬುಟ್ಟಿಗಳು, ಒಂದರೊಳಗೊಂದು ಕೂರುವಂಥ ಐದು. ಅತ್ತೆ ಒಂದೊಂದನ್ನೂ ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಟ್ರಂಕು ತೆರೆದಾಗ ಅತ್ತೆ ಕೇಳಿದ್ದು ಬೀಗದ ಕೈ ಎಲ್ಲಿಡ್ತಿ ಅಂತ ಮಾತ್ರ.

ಅತ್ತೆ ಬಗ್ಗೆ ಎರಡು ಮಾತು ಹೇಳಲೇಬೇಕು. ಆಂಧ್ರದ ಕಡೆಯಿಂದ ಬಂದವರು, ಮನೆಯಲ್ಲಿ ಕನ್ನಡ, ಸಿಟ್ಟು ಬಂದರೆ ತೆಲುಗು, ತೀರಾ ಮುದ್ದು ಬಂದರೂ ತೆಲುಗು. ಸಿಟ್ಟಿನ ತೆಲುಗು ನನಗೆ ಚೆನ್ನಾಗಿ ಗೊತ್ತಿತ್ತು. ವಿಶಾಲಿಯನ್ನು ಅವರು ಬಂದ ವಾರಕ್ಕೇ ‘ಪಿಲ್ಲ’ ಅಂತ ಕರೆಯಲು ಶುರು ಮಾಡಿದರು. ಪಿಲ್ಲ ಅಂದರೆ ಹುಡುಗಿ, ಅಷ್ಟೇ. ಆದರೆ ಅವರ ಬಾಯಲ್ಲಿ ಅದು ಮುದ್ದಿನ ತೆಲುಗಾಗಿ ಬರುತ್ತಿತ್ತು. ಏಳು ವರ್ಷ ನನ್ನನ್ನು ಕರೆದದ್ದು ‘ಏನವಾ’ ಅಂತ. ಬೆಳಿಗ್ಗೆ ಎದ್ದು ಸ್ನಾನ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ, ಅದು ಮುಗಿಯುವ ತನಕ ಬಾಯಿಗೆ ನೀರೂ ಇಲ್ಲ. ಊಟದ ಮಡಿಯಲ್ಲಿ ಭಾಳ ಕಟ್ಟುನಿಟ್ಟು. ಹೊರಗಿನ ಬೇಕರಿಯ ಬ್ರೆಡ್ಡು ಕೂಡ ಮನೆಯೊಳಗೆ ಬರುವಂತಿರಲಿಲ್ಲ, ಮೊಟ್ಟೆ ಸೋಂಕಿರುತ್ತದೆ ಅಂತ.

ನಾನು ಸುಮ್ಮನೆ ಕೂರುವವಳಲ್ಲ. ವಿಶಾಲಿ ತೌರಿಗೆ ಹೋದಾಗ ನಾನೂ ಕಾಗದ ನೆನೆಸಿ ಬುಟ್ಟಿ ಮಾಡಿದೆ. ಅದು ಒಣಗುತ್ತ ಒಣಗುತ್ತ ಒಂದು ಕಡೆ ವಾಲಿಕೊಂಡಿತು. ಮೂರನೇ ದಿನ ಮೆಂತ್ಯೆ ವಾಸನೆಗೆ ಇಲಿ ಬಂದು ಅರ್ಧ ತಿಂದುಹೋಯಿತು. ಅದನ್ನು ಮೆಚ್ಚಿದ್ದು ಅಂತ ಇದ್ದರೆ ಆ ಇಲಿ ಒಂದೇ. ಅತ್ತೆಗೆ ಅಂತ ಬಳ್ಳಾರಿಯಿಂದ ಉಣ್ಣೆಯ ಕಂಬಳಿ ತರಿಸಿಕೊಟ್ಟೆ, ಅದನ್ನವರು ಮಡಿಸಿ ಪೆಟ್ಟಿಗೆಯಲ್ಲಿಟ್ಟರು. ಹೊದ್ದದ್ದು ಮಾತ್ರ ವಿಶಾಲಿ ಹೊಲಿದ ಕೌದಿ. ಅವರದೇ ಹರಿದ ಸೀರೆಗಳಲ್ಲಿ ಅವರಿಗೇ ಹೊಲಿದುಕೊಟ್ಟಿದ್ದಳು.

ಇನ್ನು ಕೇಕಿನ ವಿಷಯಕ್ಕೆ ಬರುತ್ತೇನೆ. ಮದುವೆಗೆ ಮೊದಲು ವಿಶಾಲಿ ಎರಡು ವರ್ಷ ಬಳ್ಳಾರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಹೊಲಿಗೆ ಕಲಿತವಳು. ಕಲಿಸಿದ ಟೀಚರು ಕ್ರಿಶ್ಚಿಯನ್ನರು, ಡಿಸೆಂಬರ್ ಬಂದರೆ ಕೇಕು ಮಾಡುತ್ತಿದ್ದರಂತೆ. ಇವಳು ಮೊಟ್ಟೆ ಮುಟ್ಟುವವಳಲ್ಲ ಅಂತ ತಿಳಿದು, ಇವಳಿಗಾಗಿಯೇ ಬೇರೆ ಪಾತ್ರೆಯಲ್ಲಿ ಮೊಸರು ಮತ್ತು ಅಡುಗೆ ಸೋಡಾ ಹಾಕಿ ಮಾಡುವುದನ್ನು ತೋರಿಸಿಕೊಟ್ಟಿದ್ದರು. ಕುರುಗೋಡಿನ ಆ ಮನೆಯಲ್ಲಿ ಓವನ್ ಎಲ್ಲಿಂದ ಬರಬೇಕು? ಇವಳು ಹಳ್ಳದ ಉಸುಕು ತರಿಸಿ, ಸೋಸಿ, ನಾಲ್ಕು ಸಲ ತೊಳೆದು ಒಣಗಿಸಿ, ಒಂದು ದಪ್ಪ ತಳದ ಬೋಗುಣಿಗೆ ಹಾಕಿ ಒಲೆ ಮೇಲಿಟ್ಟಳು. ಉಸುಕು ಕಾದ ಮೇಲೆ ಅದರೊಳಗೆ ಹಿಟ್ಟಿನ ಪಾತ್ರೆ, ಮೇಲೊಂದು ತಟ್ಟೆ, ತಟ್ಟೆಯ ಮೇಲೆ ಕೆಂಡ. ಅರ್ಧ ತಾಸಿಗೆ ಓಣಿಯ ತುಂಬ ವಾಸನೆ. ಆಚೆ ಮನೆಯ ಹೆಂಗಸರು ಏನೋ ಕೆಲಸ ಹಚ್ಚಿಕೊಂಡು ನಮ್ಮ ಕಟ್ಟೆಗೆ ಬಂದು ಕೂತರು.

ನಾನೂ ಒಂದು ಮಧ್ಯಾಹ್ನ, ಎಲ್ಲರೂ ಮಲಗಿದ್ದಾಗ, ಮಾಡಿದೆ. ಅವಳು ಮಾಡುವುದನ್ನು ಕಳ್ಳಗಣ್ಣಿನಿಂದ ನೋಡಿಟ್ಟುಕೊಂಡಿದ್ದೆ. ಮೈದಾ, ಸಕ್ಕರೆ, ಮೊಸರು, ಬೆಣ್ಣೆ, ಎಲ್ಲ ಸರಿ. ಆದರೆ ನಮ್ಮ ಮನೆಯಲ್ಲಿ ದೇವರ ಗೂಡು ಇದ್ದದ್ದು ಅಡುಗೆಮನೆಯ ಗೋಡೆಯಲ್ಲೇ. ಸೋಡಾ ಡಬ್ಬಿ ಅಂತ ಅವಸರದಲ್ಲಿ ನಾನು ಕೈಗೆತ್ತಿಕೊಂಡದ್ದು ಅತ್ತೆಯವರ ವಿಭೂತಿ ಪುಡಿಯ ಡಬ್ಬಿ. ಎರಡು ಚಮಚ ಧಾರಾಳವಾಗಿ ಹಾಕಿದೆ. ಕೇಕು ಉಬ್ಬುವುದಿರಲಿ, ಇದ್ದಷ್ಟೂ ಇಳಿಯಿತು. ನಮ್ಮ ಯಜಮಾನರು ಒಂದು ತುಂಡು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದು, ‘ಪ್ರಸಾದ ತಿಂದಂಗ ಆತು’ ಅಂದರು. ಅವರಿಗೆ ವಿಷಯ ಗೊತ್ತಿರಲಿಲ್ಲ. ನನಗೆ ಮರುದಿನ ಅತ್ತೆ, ವಿಭೂತಿ ಯಾಕೆ ಇಷ್ಟು ಬೇಗ ಖಾಲಿ ಆಯಿತು ಅಂತ ಕೇಳಿದಾಗ ಗೊತ್ತಾಯಿತು. ಗೊತ್ತಿಲ್ರಿ ಅಂದೆ.

ಇಲ್ಲಿಯ ತನಕ ಹೇಳಿದ್ದು ನಗುವಂಥ ಹೊಟ್ಟೆಕಿಚ್ಚು. ಮುಂದಿನದು ಹಾಗಲ್ಲ. ಮೂವತ್ತು ವರ್ಷ ಯಾರಿಗೂ ಹೇಳದೇ ಇದ್ದದ್ದು.

ನನ್ನ ಮಗಳಿಗೆ ಐದು ತುಂಬಿದ ದಿನ ವಿಶಾಲಿ ಕೇಕು ಮಾಡಿದಳು. ಬೆಣ್ಣೆ ಸಕ್ಕರೆ ಕಡೆದು ಮಲ್ಲಿಗೆ ಮೊಗ್ಗಿನ ಆಕಾರದಲ್ಲಿ ಅಂಚಿಗೆಲ್ಲ ಇಟ್ಟಿದ್ದಳು. ಮಗಳು ಕೇಕು ಕೊಯ್ದು ಮೊದಲನೇ ತುಂಡು ಹಿಡಿದುಕೊಂಡು ಓಡಿದ್ದು ಚಿಕ್ಕಮ್ಮನ ಕಡೆಗೆ. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ, ಹಾಗೇ ಮುಚ್ಚಿಕೊಂಡೆ. ಹೋಗಲಿ, ಮಕ್ಕಳ ಬುದ್ಧಿ. ಜನ ಎಲ್ಲ ಹೋದರು. ವಿಶಾಲಿ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅಡುಗೆಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ. ಅತ್ತೆ ಜನರ ಮುಂದೆ ತಿನ್ನುವವರಲ್ಲ. ಈಗ ಮೆಲ್ಲಗೆ, ‘ಒಂದೀಟು ಕೊಡವಾ, ನೋಡೋಣ’ ಅಂದರು. ಕೊಟ್ಟೆ. ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಆಮೇಲೆ ಅಂದರು: ‘ಪಿಲ್ಲ ಕೈಯಾಗ ಏನೈತೋ ಏನೋ. ನಮ್ಮವ್ವ ಹೋದ ಮ್ಯಾಲೆ ಇಷ್ಟು ಮೆತ್ತಂದು ಯಾರೂ ನನ್ನ ಬಾಯಿಗೆ ಇಟ್ಟಿರಲಿಲ್ಲ.’

ಒಂಬತ್ತು ವರ್ಷ ಆಗಿತ್ತು ನಾನು ಆ ಮನೆಗೆ ಬಂದು. ಅವರಿಗೆ ಜ್ವರ ಬಂದಾಗ ಗಂಜಿ ಕಾಯಿಸಿದ್ದು ನಾನು. ಹಲ್ಲು ಹೋದ ಮೇಲೆ ರೊಟ್ಟಿಯನ್ನು ಹಾಲಲ್ಲಿ ನೆನೆಸಿ, ಕಿವುಚಿ ಕೊಟ್ಟದ್ದು ನಾನು. ಅದು ಮೆತ್ತಗಿರಲಿಲ್ಲವೇನು? ಅದೇ ಉಸಿರಿನಲ್ಲಿ, ಏನೂ ಅರಿಯದವಳ ಹಾಗೆ ಅಂದೆ: ‘ಹೌದ್ರಿ ಅತ್ತಿ. ಮೊಟ್ಟಿ ಇಲ್ದ ಇಷ್ಟು ಮೆತ್ತಗ ಹೆಂಗಾತು ಅಂತ ನನಗೂ ತಿಳಿವಲ್ದು. ಆ ಟೀಚರಮ್ಮನ ಕಡೆ ಕಲಿತದ್ದಲ್ಲೇನ್ರಿ.’

ನೋಡಿ, ಇದರಲ್ಲಿ ಸುಳ್ಳು ಒಂದೂ ಇಲ್ಲ. ಮೊಟ್ಟೆ ಹಾಕಿದ್ದಾಳೆ ಅಂತ ನಾನು ಹೇಳಲಿಲ್ಲ. ಹಾಕಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು, ಕಳ್ಳಗಣ್ಣಿನಿಂದ ನೋಡಿದವಳು ನಾನೇ ಅಲ್ಲವೇ. ಈ ಸಮಾಧಾನವನ್ನು ಮೂವತ್ತು ವರ್ಷ ಹೇಳಿಕೊಂಡೆ. ಒಂದು ದಿನವೂ ಅದು ನನಗೆ ಸಾಕಾಗಲಿಲ್ಲ.

ಅತ್ತೆಯ ದವಡೆ ನಿಂತಿತು. ಎದ್ದು ಬಚ್ಚಲಿಗೆ ಹೋಗಿ ಉಗುಳಿ ಬಂದರು. ಹೊತ್ತಲ್ಲದ ಹೊತ್ತಿನಲ್ಲಿ ತಲೆಗೆ ನೀರು ಹಾಕಿಕೊಂಡು, ಮತ್ತೆ ಪೂಜೆಗೆ ಕೂತು, ಆ ದಿನ ಏನೂ ಉಣ್ಣಲಿಲ್ಲ. ಜಗಳ ಆಡಲಿಲ್ಲ, ಯಾರನ್ನೂ ಕೇಳಲಿಲ್ಲ. ಆದರೆ ಮರುದಿನದಿಂದ ವಿಶಾಲಿ ತಟ್ಟೆ ತಂದಿಟ್ಟರೆ, ‘ನನಗೀಗ ಬ್ಯಾಡ’ ಅನ್ನುವರು. ಸ್ವಲ್ಪ ಹೊತ್ತಿಗೆ ನನ್ನ ಕಡೆ ತಿರುಗಿ, ‘ಏನವಾ, ನನಗೀಟು ಹಾಕು’ ಅನ್ನುವರು. ಕೇಕಿರಲಿ, ಅವಳು ತಟ್ಟಿದ ರೊಟ್ಟಿ ಕೂಡ ಮುಟ್ಟಲಿಲ್ಲ. ಕೌದಿಯೂ ಪೆಟ್ಟಿಗೆ ಸೇರಿತು, ನನ್ನ ಕಂಬಳಿ ಹೊರಗೆ ಬಂತು. ನಾನು ಗೆದ್ದೆ ಅಂತಲೇ ಹೇಳಬೇಕು. ಅತ್ತೆ ಆಮೇಲೆ ಎಂದೂ ಬೇರೆ ಯಾರ ಕೈಯಲ್ಲೂ ಉಣ್ಣಲಿಲ್ಲ.

ಒಂದು ದಿನ ವಿಶಾಲಿ ಹಿತ್ತಲಲ್ಲಿ ನನ್ನ ಸೆರಗು ಹಿಡಿದು ನಿಲ್ಲಿಸಿ ಕೇಳಿದಳು, ‘ಅಕ್ಕ, ಅತ್ತಿ ಯಾಕ ನನ್ನ ಕೈಯಾಗ ಉಣವಲ್ರು? ನಾ ಏನ್ ಮಾಡೀನಿ?’

‘ವಯಸ್ಸಾತಲ್ಲ, ಏನೇನೋ ತಲಿಗೆ ಬರ್ತಾವ. ನೀ ಮನಸ್ಸಿಗೆ ಹಚ್ಕೊಬ್ಯಾಡ’ ಅಂದೆ. ಬೆನ್ನು ಕೂಡ ಸವರಿದೆ.

ಮೊಟ್ಟೆಯ ಮಾತು ಅವಳಿಗೆ ಹೇಗೋ ಮುಟ್ಟಿತು. ಅತ್ತೆ ಆಚೆ ಮನೆಯವರ ಹತ್ತಿರ ಅಂದಿದ್ದರು, ಅವರು ಇವಳ ಹತ್ತಿರ. ಆ ಅನುಮಾನ ಅತ್ತೆಗೆ ತಾನಾಗಿ ಹುಟ್ಟಿದ್ದು ಅಂತಲೇ ಅವಳು ತಿಳಿದಳು. ಒಂದು ವರ್ಷದೊಳಗೆ ಗಂಡನನ್ನು ಕರೆದುಕೊಂಡು ಬಳ್ಳಾರಿಗೆ ಹೋಗಿ ಬೇರೆ ಮನೆ ಮಾಡಿದಳು. ಹೋಗುವ ದಿನ ಅತ್ತೆಯ ಕಾಲಿಗೆ ಬಿದ್ದಳು, ಮುಖ ಎತ್ತಿ ನೋಡಲಿಲ್ಲ. ಅತ್ತೆ ತೀರಿ ಈಗ ಹನ್ನೆರಡು ವರ್ಷ. ಆಗಲೂ ಬಂದಳು, ಸೊಸೆ ಮಾಡಬೇಕಾದ್ದನ್ನೆಲ್ಲ ಮಾಡಿದಳು, ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಅದಾದ ಮೇಲೆ ಮಗನ ಕೆಲಸಕ್ಕಂತ ನಾವೂ ಬಳ್ಳಾರಿಗೇ ಬಂದೆವು.

ಇನ್ನು ನನ್ನ ಹಣೆಬರಹ ಕೇಳಿ. ಬಳ್ಳಾರಿಗೆ ಹೋದವಳು ಮನೆಯ ಮುಂದಿನ ಕೋಣೆಯಲ್ಲಿ ಕೇಕಿನ ಅಂಗಡಿ ಇಟ್ಟಳು. ರಸ್ತೆ ಕಡೆ ಇಡೀ ಗೋಡೆ ತೆಗೆಸಿ ಗಾಜು ಹಾಕಿಸಿದಳು. ಹಿಟ್ಟು ಕಲೆಸುವುದು, ಮೊಸರು ಹಾಕುವುದು, ಎಲ್ಲ ಜನರ ಕಣ್ಣ ಮುಂದೆ. ‘ನಿಂತು ನೋಡ್ಕೊಳ್ರಿ, ಆಮ್ಯಾಲೆ ತಗೊಳ್ರಿ’ ಅನ್ನುತ್ತಾಳೆ. ಮೊಟ್ಟೆಗೆ ಹೆದರಿ ಕೇಕು ತಿನ್ನದ ಬಳ್ಳಾರಿಯ ಲಿಂಗವಂತರೆಲ್ಲ ಅವಳ ಬಾಗಿಲಿಗೆ ಬಂದರು. ಹುಟ್ಟಿದಹಬ್ಬ, ಸೀಮಂತ, ನಿಶ್ಚಿತಾರ್ಥ, ಯಾವುದಿದ್ದರೂ ವಿಶಾಲಿ ಕೇಕು. ಹರಿದ ಸೀರೆ ತಗೊಂಡು ಕೌದಿ ಮಾಡುವವಳು, ನನ್ನ ಚಾಡಿಯನ್ನೂ ತಗೊಂಡು ಗಾಜಿನ ಗೋಡೆ ಮಾಡಿಕೊಂಡಳು. ಇದಕ್ಕಿಂತ ಹೊಟ್ಟೆ ಉರಿಸುವುದು ಏನಿದೆ ಹೇಳಿ. ಕೆಡುಕು ಮಾಡುವುದರಲ್ಲೂ ನನ್ನ ಕೈಗುಣ ಅಷ್ಟೇ.

ಡಬ್ಬಿ ಕೊಂಡ ಮಾರನೇ ವಾರ ನಾನು ಸೋತೆ. ಫ್ರಿಜ್ಜಿನ ಮೇಲೆ ಅದನ್ನು ನೋಡಿ ನೋಡಿ ಸಾಕಾಗಿತ್ತು. ಚೀಲಕ್ಕೆ ಹಾಕಿಕೊಂಡು ಅವಳ ಅಂಗಡಿಗೆ ಹೋದೆ. ಅವಳು ಒಂದು ಕೇಕಿಗೆ ಗುಲಾಬಿ ಹೂವು ಇಡುತ್ತಿದ್ದಳು. ಡಬ್ಬಿ ನೋಡಿದ್ದೇ ಮುಖ ಅರಳಿತು. ಮುಚ್ಚಳಕ್ಕೆ ಒಂಚೂರು ಎಣ್ಣೆ ಸವರಿ, ಎದುರಿನ ಗೋಡೆಯ ಹಲಗೆಯ ಮೇಲೆ ಒಂದು ಜಾಡಿಯ ಪಕ್ಕ ಓರೆಯಾಗಿ ಇಟ್ಟಳು. ಅಷ್ಟೇ ಮಾಡಿದ್ದು. ಡಬ್ಬಿ ಚಂದ ಕಾಣತೊಡಗಿತು.

ನಾನು ಆ ಗೋಡೆಯನ್ನು ಎಷ್ಟು ಸಲ ನೋಡಿದ್ದೆನೋ. ಅವತ್ತು ಕೂತು ನೋಡಿದೆ. ಗೋಡೆಯ ತುಂಬ ಹಳೇ ಫೋಟೋಗಳು, ಗುಜರಿಯಲ್ಲಿ ಹುಡುಕಿ ಹುಡುಕಿ ತಂದವು. ಪೇಟ ಸುತ್ತಿದ ಯಾರದೋ ತಾತ, ಕುರ್ಚಿಯ ಮೇಲೆ ಬಿಗಿಯಾಗಿ ಕೂತ ಯಾರದೋ ಅಜ್ಜಿ, ಹೊಸ ಮದುಮಕ್ಕಳು. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಎಲ್ಲರಿಗೂ ಕಟ್ಟು ಹಾಕಿಸಿ, ದಿನಾ ಧೂಳು ಒರೆಸುತ್ತಾಳೆ. ಪಕ್ಕದ ಕೋಣೆಯಲ್ಲಿ ಮಾವನವರ ಫೋಟೋ ಇದೆ, ಅವಳ ತಂದೆತಾಯಿಯದೂ ಇದೆ. ಅತ್ತೆಯದು ಎಲ್ಲೂ ಇಲ್ಲ.

‘ಅತ್ತಿ ಫೋಟೋ ಇಲ್ಲೇನ ನಿನ್ನ ಹಂತ್ಯಾಕ?’ ಅಂತ ಕೇಳಿದೆ.

‘ಐತಿ. ಟ್ರಂಕಿನಾಗ ಐತಿ’ ಅಂದಳು. ಕೈ ನಿಲ್ಲಿಸಲಿಲ್ಲ. ‘ನಾ ಮಾಡಿದ ಕೇಕು ಒಂದು ಚೂರು ಬಾಯಿಗೆ ಹಾಕ್ಕೊಳ್ಳದನ, ಜಾತಿ ಕೆಡಿಸೋಳು ಅಂದಾಕಿ. ಆಕೀನ ಗ್ವಾಡಿಗೆ ಹಾಕಿ ದಿನಾ ಏನಂತ ನೋಡ್ಲಿ ಅಕ್ಕ?’

ಅಲ್ಲಿಂದ ಎದ್ದು ಬಂದುಬಿಡಬಹುದಿತ್ತು. ಏಳಲಿಲ್ಲ. ಸತ್ತವರ ಮೇಲೆ ನಾನು ಹೊರಿಸಿದ ತಪ್ಪು ಅಲ್ಲಿ, ಆ ತುಂಬಿದ ಗೋಡೆಯ ಮೇಲೆ, ನನಗೊಬ್ಬಳಿಗೇ ಕಾಣುತ್ತಿತ್ತು. ಹೇಳಿದೆ. ನಡುವೆ ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಅಂತ ಒಂದೇ ಉಸಿರಿಗೆ ಹೇಳಿದೆ. ಮೊಟ್ಟೆಯ ಮಾತು ಅತ್ತೆಯದಲ್ಲ, ನನ್ನದು ಅಂದೆ. ನೀನು ಮೊಟ್ಟೆ ಹಾಕಿಲ್ಲ ಅಂತ ಗೊತ್ತಿದ್ದೂ ಹಾಗಂದೆ ಅಂತಲೂ ಹೇಳಿದೆ. ಯಾಕೆ ಅಂತ ಅವಳು ಕೇಳಲಿಲ್ಲ, ಆದರೂ ಹೇಳಿದೆ: ‘ಹೊಟ್ಟಿಕಿಚ್ಚು ವಿಶಾಲಿ. ಬ್ಯಾರೆ ಏನೂ ಇಲ್ಲ.’

ಅವಳ ಕೈಯಲ್ಲಿದ್ದ ಕ್ರೀಮಿನ ಚೀಲದಿಂದ ಒಂದು ಹೂವು ಅರ್ಧ ಹೊರಗೆ ಬಂದು ನಿಂತಿತ್ತು. ಚೀಲ ಕೆಳಗಿಟ್ಟು ಕೇಳಿದಳು.

‘ಅತ್ತಿ ತಿಂದಿದ್ಲಾ?’

‘ತಿಂದಿದ್ರು.’

‘ಬಾಯಿಗೇ ಹಾಕ್ಕೊಂಡಿಲ್ಲ ಅಂತ ತಿಳ್ಕೊಂಡಿದ್ದೆ. ಏನಂದ್ಲು?’

ಹೇಳಿದೆ. ಮೂವತ್ತು ವರ್ಷದಲ್ಲಿ ಒಂದಕ್ಷರ ಮರೆತಿರಲಿಲ್ಲ. ಪಿಲ್ಲ ಕೈಯಾಗ ಏನೈತೋ ಏನೋ. ನಮ್ಮವ್ವ ಹೋದ ಮ್ಯಾಲೆ ಇಷ್ಟು ಮೆತ್ತಂದು ಯಾರೂ ನನ್ನ ಬಾಯಿಗೆ ಇಟ್ಟಿರಲಿಲ್ಲ.

‘ಇನ್ನೊಮ್ಮೆ ಹೇಳು’ ಅಂದಳು. ಹೇಳಿದೆ. ಅವಳು ಅಳಲಿಲ್ಲ, ಬಯ್ಯಲಿಲ್ಲ. ಗಾಜಿನ ಆಚೆ ಯಾರೋ ಗಿರಾಕಿ ಬಂದು ನಿಂತರು. ‘ನೀ ಈಗ ಮನಿಗೆ ಹೋಗು. ನಾಳಿ ಬಾ. ನಾಳಿ ಮತ್ತ ಹೇಳು’ ಅಂದಳು. ಅಕ್ಕ ಅನ್ನಲಿಲ್ಲ. ಆ ಅಂಗಡಿಯಿಂದ ನಾನು ಬರಿಗೈಯಲ್ಲಿ ವಾಪಸ್ಸು ಬಂದದ್ದು ಅದೇ ಮೊದಲು.

ಅವತ್ತಿನಿಂದ ಮೊಮ್ಮಗನನ್ನು ಸಾಲಿಗೆ ಬಿಟ್ಟು ನೇರ ಅಲ್ಲಿಗೆ ಹೋಗುತ್ತೇನೆ. ಅವಳು ಹಿಟ್ಟು ಕಲೆಸುತ್ತಿರುತ್ತಾಳೆ, ತಲೆ ಎತ್ತುವುದಿಲ್ಲ. ನಾನು ನಿಂತುಕೊಂಡೇ ಹೇಳುತ್ತೇನೆ. ಹೊಟ್ಟೆಕಿಚ್ಚಿನವಳಿಗೆ ಇದಕ್ಕಿಂತ ಸರಿಯಾದ ಶಿಕ್ಷೆಯನ್ನು ಯಾವ ಕೋರ್ಟೂ ಕೊಡಲಾರದು: ದಿನಾ ಬೆಳಿಗ್ಗೆ ಎದ್ದು, ನಡೆದುಕೊಂಡು ಹೋಗಿ, ಅವಳ ಹೊಗಳಿಕೆಯನ್ನು ನನ್ನ ಬಾಯಿಂದ ಹೇಳಿ ಬರುವುದು. ಖರೇ ಹೇಳುತ್ತೇನೆ, ಈಗಲೂ ಅದು ನನ್ನ ಬಗ್ಗೆ ಅಂದ ಮಾತಾಗಿದ್ದರೆ ಅಂತ ಒಂದು ಕ್ಷಣ ಅನ್ನಿಸುತ್ತದೆ.

ನಿನ್ನೆ ಹೇಳಿ ಮುಗಿಸಿದೆ. ಹೊರಡಲು ತಿರುಗಿದವಳು ಬಾಗಿಲಲ್ಲೇ ನಿಂತೆ. ಒಂಬತ್ತು ವರ್ಷ ಗಂಜಿ ಕಾಯಿಸಿದವಳ ಸಿಟ್ಟು ಇನ್ನೂ ಒಳಗೆ ಎಲ್ಲೋ ಇತ್ತು. ಆದರೂ ಆ ದಿನ ಜನ ಹೋದ ಮೇಲೆ, ಅತ್ತೆಗೆ ಕೊಡುವ ಮೊದಲು, ಯಾರಿಗೂ ಕಾಣದ ಹಾಗೆ ಆ ಕೇಕಿನ ತುಂಡೊಂದನ್ನು ನಾನೂ ಬಾಯಿಗೆ ಹಾಕಿಕೊಂಡಿದ್ದು ನೆನಪಾಯಿತು.

‘ಅತ್ತಿ ಖರೇನ ಅಂದಿದ್ರು ಲೇ’ ಅಂದೆ. ‘ನಾನೂ ತಿಂದಿದ್ದೆ.’

ವಿಶಾಲಿ ಆಗ ತಲೆ ಎತ್ತಿದಳು. ಹಿಟ್ಟಿನ ಕೈ ಹಾಗೇ ಇಟ್ಟುಕೊಂಡು, ಮೇಜಿನ ಕೆಳಗಿದ್ದ ಸ್ಟೂಲನ್ನು ಕಾಲಿಂದ ನನ್ನ ಕಡೆ ತಳ್ಳಿದಳು.

‘ಕುಂದ್ರು ಅಕ್ಕ’ ಅಂದಳು.